ಮೇಲಿನವರ ನಿಮಿಷ, ಕೆಳಗಿನವರ ಗಂಟೆ

ನಮ್ಮ ಅಳಿಯಂದಿರಿಗೆ ನಿಮಿಷಗಳ ಮೇಲೆ ಬಹಳ ಪ್ರೀತಿ. ಬೆಂಗಳೂರಿನಿಂದ ಹೊರಟು ಮೈಸೂರಿನ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದವರು ಚಪ್ಪಲಿ ಬಿಡುವುದಕ್ಕೂ ಮೊದಲು ಗಡಿಯಾರ ನೋಡುತ್ತಾರೆ. "ಅತ್ತೆ, ಈ ಸಲ ಇನ್ನೂ ಐದು ನಿಮಿಷ ಉಳೀತು!" ಎಂದು ಹೆಮ್ಮೆಯಿಂದ ವರದಿ ಒಪ್ಪಿಸುತ್ತಾರೆ. ಉಳಿದ ಆ ಐದು ನಿಮಿಷವನ್ನು ಎಲ್ಲಿ ಜೋಪಾನವಾಗಿ ಇಟ್ಟಿದ್ದಾರೆಂದು ನಾನು ಕೇಳಿಲ್ಲ. ಬಂದವರು ಸೋಫಾದ ಮೇಲೆ ಕೂತು ಮೊಬೈಲ್ ತೆಗೆದರೆಂದರೆ ಒಂದು ಗಂಟೆ ಹೇಗೆ ಹೋಯಿತೆಂದು ಅವರಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಮೊದಲು ಹೀಗಿರಲಿಲ್ಲ. ಮಗಳು, ಅಳಿಯ, ಮಕ್ಕಳು ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡು, ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿ, ಅವಳು ಕೆತ್ತಿಸಿಕೊಟ್ಟ ಎಳನೀರು ಕುಡಿದು, ಒಂದು ಚೀಲ ಸೊಪ್ಪು ತರಕಾರಿ ಡಿಕ್ಕಿಗೆ ತುಂಬಿಕೊಂಡು ಬರುತ್ತಿದ್ದರು. ಈಗ ಮಗಳು ಓಡುವ ಕಾರಿನಿಂದಲೇ ಫೋನು ಮಾಡುತ್ತಾಳೆ. "ಅಮ್ಮಾ, ದೊಡ್ಡಮ್ಮನ ಊರು ದಾಟಿದ್ವಿ, ಇನ್ನೇನು ಬಂದೇಬಿಟ್ವಿ, ಅನ್ನಕ್ಕಿಡು."

ದಾಟಿದ್ವಿ! ಈ ಒಂದು ಮಾತು ನನ್ನನ್ನು ಚುಚ್ಚುತ್ತದೆ. ಯಾಕೆಂದರೆ ಅವರ ಕಾರು ಅರ್ಧ ನಿಮಿಷದಲ್ಲಿ ದಾಟಿ ಹೋದ ಅದೇ ರಸ್ತೆಯ ಕೆಳಗೆ ನನ್ನ ಅಕ್ಕ ಹಾಲಿನ ಕ್ಯಾನು ಹಿಡಿದು ದಾಟಲಾರದೆ ನಿಂತಿರುತ್ತಾಳೆ.

ರಸ್ತೆ ಯಾವುದೆಂದು ನಿಮಗೆ ಗೊತ್ತಾಗಿರಬೇಕು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಉದ್ಘಾಟಿಸಿದ ರಸ್ತೆ. ಉದ್ದ 118 ಕಿಲೋಮೀಟರ್, ಖರ್ಚು ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥ, ಎರಡು ಬದಿಗೆ ಎರಡೆರಡು ಪಥದ ಸರ್ವೀಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇಷ್ಟೂ ಊರುಗಳಿಗೆ ಬೈಪಾಸು. 9 ದೊಡ್ಡ ಸೇತುವೆ, 40 ಸಣ್ಣ ಸೇತುವೆ, ಮೇಲೆ ಕೆಳಗೆ ಹಾಯುವ ದಾರಿಗಳು 89. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂದರು. ಈ ಅಂಕಿಗಳೆಲ್ಲ ಪತ್ರಿಕೆಗಳಲ್ಲಿ ಬಂದವು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಅಂಕಿ ಕಂಡರೆ ಕತ್ತರಿಸಿ ಡೈರಿಯೊಳಗೆ ಇಟ್ಟುಕೊಳ್ಳುವ ಚಟ ಇನ್ನೂ ಬಿಟ್ಟಿಲ್ಲ. ಹಾಗೆ ಕತ್ತರಿಸುತ್ತಾ ಒಂದು ಅಂಕಿಗಾಗಿ ಹುಡುಕಿದೆ, ಸಿಗಲಿಲ್ಲ. ಮೇಲೆ ಹೋಗುವವರಿಗೆ ಎಷ್ಟು ನಿಮಿಷ ಉಳಿಯಿತೆಂದು ಬರೆದಿದ್ದರು. ಕೆಳಗೆ ಇರುವವರದು ಎಷ್ಟು ನಿಮಿಷ ಹೋಯಿತೆಂದು ಯಾರೂ ಬರೆದಿರಲಿಲ್ಲ. ಕೂಡುವ ಲೆಕ್ಕ ಮಾತ್ರ ಮಾಡಿ ಕಳೆಯುವ ಲೆಕ್ಕ ಬಿಟ್ಟ ಮಗುವಿಗೆ ನಾನು ಎಂದೂ ಪೂರ್ತಿ ಅಂಕ ಕೊಟ್ಟವಳಲ್ಲ.

ನಮ್ಮ ಕಾಲದಲ್ಲಿ ಬೈಪಾಸ್ ಎಂದರೆ ಹೃದಯದ ಆಪರೇಷನ್ ಎಂದಷ್ಟೇ ಗೊತ್ತಿತ್ತು. ಅಲ್ಲಿ ರಕ್ತ ಕಟ್ಟಿಕೊಂಡ ನಾಳವನ್ನು ಬಳಸಿಕೊಂಡು ಹೃದಯಕ್ಕೇ ಹೋಗುತ್ತದೆ. ಈ ರಸ್ತೆಯ ಬೈಪಾಸಿನಲ್ಲಿ ಹೃದಯವನ್ನೇ ಬಳಸಿಕೊಂಡು ಆಚೆಗೆ ಹೋಗುತ್ತದೆ. ಹೆಸರು ಒಂದೇ, ಕೆಲಸ ಮಾತ್ರ ತಿರುಗುಮುರುಗು.

ಹೀಗೆಂದ ಮಾತ್ರಕ್ಕೆ ನನ್ನನ್ನು ಸೇತುವೆಯ ಶತ್ರು ಎಂದು ತಿಳಿಯಬೇಡಿ. ಹಳೆಯ ರಸ್ತೆಯ ಕಷ್ಟ ನನಗೆ ಚೆನ್ನಾಗಿ ಗೊತ್ತು. ಹಲವು ವರ್ಷಗಳ ಹಿಂದೆ ಅಮ್ಮನಿಗೆ ರಾತ್ರಿ ಎದೆನೋವು ಬಂದಾಗ ಊರಿನಿಂದ ಮೈಸೂರಿಗೆ ಆಂಬುಲೆನ್ಸಿನಲ್ಲಿ ಕರೆತಂದವರು ಅಕ್ಕ ಮತ್ತು ಭಾವ. ಮಂಡ್ಯದ ಪೇಟೆಯ ನಡುವೆ ಕಬ್ಬಿನ ಲಾರಿಗಳ ಹಿಂದೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡರು. ಮೇಲೆ ದೀಪ ತಿರುಗುತ್ತಿದೆ, ಸೈರನ್ ಕೂಗುತ್ತಿದೆ, ಮುಂದಿನ ಲಾರಿಯವನು ತಾನೇ ಎಲ್ಲಿಗೆ ಸರಿದಾನು? ಅಮ್ಮ ಅವತ್ತು ಉಳಿದಳು, ಅದು ನಮ್ಮ ಪುಣ್ಯ. ಹಾಗೆ ಉಳಿಯದವರು ಎಷ್ಟು ಜನರೋ. ಅಕ್ಕನ ಊರಿನಲ್ಲೇ ಹಳೆಯ ರಸ್ತೆಯನ್ನು ಓಡಿ ದಾಟಲು ಹೋದವರು ಎಷ್ಟು ಮಂದಿ ಮನೆಗೆ ಹಿಂದಿರುಗಲಿಲ್ಲ. ಊರೊಳಗೆ ನುಗ್ಗುವ ಲಾರಿಗಳನ್ನು ಊರ ಹೊರಗೆ ಕಳುಹಿಸಬೇಕು, ತಗ್ಗಿದ್ದಲ್ಲಿ ಎತ್ತರದ ಸೇತುವೆ ಕಟ್ಟಬೇಕು. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಇಷ್ಟೇ. ಸೇತುವೆ ಕಟ್ಟುವಾಗ ಮೇಲೆ ಹೋಗುವವರನ್ನು ಮನುಷ್ಯರೆಂದೂ ಕೆಳಗೆ ನಡೆಯುವವರನ್ನು ಅಡ್ಡಿಯೆಂದೂ ಎಣಿಸಿದ್ದು ಯಾಕೆ?

ಸ್ವಲ್ಪ ವಿವರಿಸುತ್ತೇನೆ, ಬೇಸರಪಡಬೇಡಿ. ಎತ್ತರದ ಸೇತುವೆಗೆ ಎರಡು ಭಾಗ. ನಡುಭಾಗ ಕಂಬಗಳ ಮೇಲೆ ನಿಂತಿರುತ್ತದೆ. ಅದರ ಕೆಳಗೆ ಎತ್ತಿನ ಗಾಡಿ ಹೋಗಬಹುದು, ಸಂತೆ ಕೂಡಬಹುದು, ಮಳೆ ಬಂದರೆ ದನ ಕಟ್ಟಬಹುದು. ಎರಡು ತುದಿಗಳಲ್ಲಿ ಸೇತುವೆ ನೆಲಕ್ಕೆ ಇಳಿಯುವ ಜಾಗ ಮಾತ್ರ ಬೇರೆ. ಅಲ್ಲಿ ಸಾಮಾನ್ಯವಾಗಿ ಕಂಬ ಹಾಕುವುದಿಲ್ಲ. ಎರಡು ಬದಿಗೆ ಕಾಂಕ್ರೀಟು ಹಲಗೆಗಳ ಗೋಡೆ ಎಬ್ಬಿಸಿ ನಡುವೆ ಮಣ್ಣು ತುಂಬಿ ಗಟ್ಟಿಮಾಡುತ್ತಾರೆ. ಕಂಬಕ್ಕಿಂತ ಮಣ್ಣು ಅಗ್ಗ. ಅಗ್ಗವಾದದ್ದಕ್ಕೆ ಯಾರಾದರೂ ಎಲ್ಲಾದರೂ ಬೆಲೆ ತೆರಲೇಬೇಕಲ್ಲ? ಸೇತುವೆ ಇಳಿಯುವ ಕಡೆ ಯಾರ ಊರಿದೆಯೋ ಅವರು ತೆರುತ್ತಾರೆ. ಅವರ ಪಾಲಿಗೆ ಅದು ಸೇತುವೆಯಲ್ಲ, ಕೋಟೆಯ ಗೋಡೆ. ಗೋಡೆ ಮುಗಿದ ಮೇಲೂ ಮುಕ್ತಿಯಿಲ್ಲ, ಅಲ್ಲಿಂದ ಕಬ್ಬಿಣದ ಬೇಲಿ ಶುರು.

ಅಕ್ಕನ ಮನೆ ಬೇಲಿಯ ಈಚೆ. ಹಾಲಿನ ಡೈರಿ, ಗದ್ದೆ, ಮಾರಮ್ಮನ ಗುಡಿ ಬೇಲಿಯ ಆಚೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ "ನಮ್ಮೂರ ಮರ್ಯಾದೆ ತೆಗೆದಲ್ಲೇ" ಎಂದು ಬೈಯುತ್ತಾಳೆ. ಮೊದಲು ಅಂಗಳದಿಂದ ಡೈರಿ ಕಣ್ಣಿಗೆ ಕಾಣುತ್ತಿತ್ತು. ಹಾಲಿನ ಕ್ಯಾನುಗಳ ಸದ್ದು ಕೇಳಿಸಿದ ಮೇಲೆ ಹೊರಟರೂ ಸಾಲಿಗೆ ಸೇರಬಹುದಿತ್ತು. ಈಗಲೂ ಮಾಳಿಗೆ ಹತ್ತಿದರೆ ಕಾಣುತ್ತದೆ. ಹೋಗುವುದಕ್ಕೆ ಮಾತ್ರ ಅರ್ಧ ಕಿಲೋಮೀಟರ್ ಆಚೆಯ ಅಂಡರ್‌ಪಾಸಿನವರೆಗೆ ನಡೆದು, ಅದರೊಳಗೆ ನುಗ್ಗಿ, ಆ ಬದಿಯಲ್ಲಿ ಮತ್ತೆ ಅರ್ಧ ಕಿಲೋಮೀಟರ್ ಹಿಂದಕ್ಕೆ ಬರಬೇಕು. ಮಳೆಗಾಲದಲ್ಲಿ ಅದರೊಳಗೆ ಮೊಣಕಾಲುದ್ದ ನೀರು. ಬೇಸಿಗೆಯಲ್ಲಿ ನೀರಿಲ್ಲ, ಒಡೆದ ಬಾಟಲಿಗಳಿವೆ. ದೀಪ ಯಾವ ಕಾಲದಲ್ಲೂ ಇಲ್ಲ. ಸಂಜೆಯ ಹಾಲಿಗೆ ಹೊರಡುವಾಗ ಹೆಂಗಸರು ಒಬ್ಬರನ್ನೊಬ್ಬರು ಕೂಗಿ ಕರೆದು ಗುಂಪಾಗಿ ಹೋಗುತ್ತಾರೆ. ಅರವತ್ತೇಳು ವರ್ಷದ ನನ್ನ ಅಕ್ಕ ತನ್ನ ಊರಿನಲ್ಲಿ ತನ್ನ ಎಮ್ಮೆಯ ಹಾಲನ್ನು ಹಾಕಿಬರುವುದಕ್ಕೆ ಜೊತೆ ಕಾಯಬೇಕಾಗಿ ಬಂದಿದೆ!

ಹೋದ ವರ್ಷ ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಟ್ಟುಬರಲು ಅಳಿಯಂದಿರ ಕಾರಿನಲ್ಲೇ ಹೋದೆವು. ಹೆದ್ದಾರಿಯಿಂದ ಹೊರಬೀಳುವ ದಾರಿ ತಪ್ಪಿಹೋಗಿ, ಎಷ್ಟೋ ದೂರ ಮುಂದೆ ಹೋಗಿ, ತಿರುಗಿ ಬರುವಷ್ಟರಲ್ಲಿ ಅವರಿಗೆ ಆಗಲೇ ಸಿಟ್ಟು ಬಂದಿತ್ತು. ಹಾಲಿನ ಹೊತ್ತಾಯಿತು. ಅಕ್ಕನ ಮಂಡಿನೋವು ನೋಡಿ, ಒಳ್ಳೆಯ ಹುಡುಗ, "ಕೊಡಿ ದೊಡ್ಡಮ್ಮ, ನಾನು ಹಾಕಿ ಬರ್ತೀನಿ" ಎಂದು ಕ್ಯಾನು ಇಸಿದುಕೊಂಡರು. ಅಭ್ಯಾಸಬಲ, ಗಡಿಯಾರ ನೋಡಿಕೊಂಡೇ ಹೊರಟರು. ಹಿಂದಿರುಗಿದಾಗ ಪ್ಯಾಂಟು ಮಂಡಿಯವರೆಗೆ ಒದ್ದೆ. "ಹೋಗಕ್ಕೇ ಹದಿನೇಳು ನಿಮಿಷ ಆಯ್ತು, ಅತ್ತೆ" ಎಂದರು. ಆ ಸಲ ಅವರ ದನಿಯಲ್ಲಿ ಹೆಮ್ಮೆ ಇರಲಿಲ್ಲ.

ಇನ್ನು ನನ್ನ ಲೆಕ್ಕ ಕೇಳಿ. ಮೊದಲು ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ದಾರಿಗೆ ಈಗ ಹದಿನೇಳು. ಅಂದರೆ ಒಂದು ಸಲಕ್ಕೆ ಹದಿನೈದು ನಿಮಿಷ ಹೆಚ್ಚು. ಹೋಗುವುದು ಬರುವುದು ಸೇರಿ ಅರ್ಧ ಗಂಟೆ. ಬೆಳಿಗ್ಗೆ ಸಂಜೆ ಎರಡು ಹೊತ್ತು, ಒಂದು ಗಂಟೆ. ಎಮ್ಮೆಗೆ ಭಾನುವಾರ ರಜೆಯಿಲ್ಲ, ಆದ್ದರಿಂದ ತಿಂಗಳಿಗೆ ಮೂವತ್ತು ಗಂಟೆ. ಈಗ ಅಳಿಯಂದಿರ ಕಡೆ ಬನ್ನಿ. ಸರ್ಕಾರದ ಲೆಕ್ಕವನ್ನೇ ಒಪ್ಪೋಣ. ಮೂರು ಗಂಟೆಯದು 75 ನಿಮಿಷವಾಯಿತೆಂದರೆ ಒಂದು ಸಲಕ್ಕೆ ಒಂದೂಮುಕ್ಕಾಲು ಗಂಟೆ ಲಾಭ. ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾರೆ, ಒಟ್ಟು ಏಳು ಗಂಟೆ. ಅವರಿಗೆ ಉಳಿದದ್ದು ಏಳು, ಅಕ್ಕನಿಗೆ ಹೋದದ್ದು ಮೂವತ್ತು. ಮೇಲೆ ಹೋಗುವ ಕಾರುಗಳು ಸಾವಿರಾರು, ನಿಮ್ಮ ಅಕ್ಕ ಒಬ್ಬಳೇ ಎಂದು ನೀವು ಹೇಳಬಹುದು. 118 ಕಿಲೋಮೀಟರ್ ಉದ್ದಕ್ಕೂ ಎರಡು ಬದಿಯ ಹಳ್ಳಿಗಳಲ್ಲಿ ಹಾಲು, ಹುಲ್ಲು, ಬುತ್ತಿ, ರೇಷನ್ನು, ಮಗುವಿನ ಸ್ಕೂಲು ಬ್ಯಾಗು ಹೊತ್ತು ನಡೆಯುವವರು ಎಷ್ಟು ಜನ? ಕಾರುಗಳನ್ನಾದರೆ ಟೋಲ್ ಗೇಟಿನಲ್ಲಿ ಒಂದೊಂದಾಗಿ ಎಣಿಸುತ್ತಾರೆ. ಅಂಡರ್‌ಪಾಸಿನಲ್ಲಿ ಎಣಿಸುವವರು ಯಾರು?

"ಗಂಡಸರೂ ನಡೆಯುತ್ತಾರಲ್ಲ, ಇದರಲ್ಲಿ ಹೆಂಗಸರದ್ದೇನು ವಿಶೇಷ?" ಎಂದು ನಮ್ಮ ಯಜಮಾನರು ಕೇಳಿದರು. ಅವರಿಗೂ ಉತ್ತರ ಕೊಟ್ಟೆ. ಊರಿನ ಗಂಡಸರು ಬೈಕಿನಲ್ಲಿ ಹೋಗುತ್ತಾರೆ. ಬೈಕಿಗೆ ಒಂದು ಕಿಲೋಮೀಟರ್ ಎಂದರೆ ಎರಡು ನಿಮಿಷ. ಮನೆಗೆ ಒಂದೇ ಬೈಕು, ಅದರ ಕೀಲಿ ಯಾರ ಜೇಬಿನಲ್ಲಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಂಡಸು ಸಾಮಾನ್ಯವಾಗಿ ಬೆಳಿಗ್ಗೆ ಒಮ್ಮೆ ಹೊರಟು ಸಂಜೆ ಒಮ್ಮೆ ಬರುತ್ತಾನೆ. ಹೆಂಗಸಿನ ದಾರಿ ಹಾಗಲ್ಲ. ಡೈರಿಗೆ, ಅಲ್ಲಿಂದ ಮನೆಗೆ, ಅಂಗನವಾಡಿಗೆ, ಗದ್ದೆಗೆ ಬುತ್ತಿ ಒಯ್ಯಲು, ಸಂಘದ ಕಂತು ಕಟ್ಟಲು, ಅತ್ತೆಯ ಮಾತ್ರೆ ತರಲು. ದಿನಕ್ಕೆ ಎಂಟು ಸಲ ಸಣ್ಣ ಸಣ್ಣ ದೂರ ಓಡಾಡುವವಳ ದಾರಿಗೆ ಗೋಡೆ ಬಂದರೆ ಎಂಟು ಸಲವೂ ಅವಳು ಗೋಡೆಗೇ ಹಣೆ ಬಡಿದುಕೊಳ್ಳಬೇಕು. ಯಜಮಾನರು ಪತ್ರಿಕೆ ಎತ್ತಿ ಮುಖ ಮುಚ್ಚಿಕೊಂಡರು. ಒಪ್ಪಿದರೆಂದು ನಾನು ತಿಳಿದುಕೊಂಡೆ.

ಬಸ್ಸಿನ ಕಥೆ ಇನ್ನೊಂದು. ರಸ್ತೆ ಉದ್ಘಾಟನೆಯಾಗಿ ಮೂರು ತಿಂಗಳಿಗೆ, 2023ರ ಜೂನ್ 11ರಂದು, ರಾಜ್ಯದಲ್ಲಿ 'ಶಕ್ತಿ' ಯೋಜನೆ ಬಂತು. ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಅಕ್ಕ ಮೊದಲ ಸಲ ಯಾರ ಹತ್ತಿರವೂ ಕಾಸು ಕೇಳದೆ ತಂಗಿಯ ಮನೆಗೆ ಬಂದಳು. ಅವತ್ತಿನ ಅವಳ ಮುಖವನ್ನು ನೀವು ನೋಡಬೇಕಿತ್ತು. ಆ ಯೋಜನೆಯನ್ನು ಯಾರು ಏನೇ ಹಂಗಿಸಲಿ, ಆ ಮುಖ ನೋಡಿದ ನಾನು ಹಂಗಿಸಲಾರೆ. ಆದರೆ ಒಂದು ಕೈಯಲ್ಲಿ ಟಿಕೆಟ್ ಕೊಟ್ಟು ಇನ್ನೊಂದು ಕೈಯಲ್ಲಿ ನಿಲ್ದಾಣ ಕಿತ್ತುಕೊಂಡರೆ ಏನು ಹೇಳೋಣ? ಒಂದು ಸಂಜೆ ನಾನು ಬೆಂಗಳೂರಿನಿಂದ ಮದ್ದೂರಿಗೆಂದು ಬಸ್ಸು ಹತ್ತಿದೆ. ಬೋರ್ಡಿನ ಮೇಲೆ ಮೈಸೂರು ಎಂದಿತ್ತು. ಮದ್ದೂರು ಬರುವ ಹೊತ್ತಿಗೆ ಎದ್ದು ಬಾಗಿಲ ಹತ್ತಿರ ಹೋದರೆ ಬಸ್ಸು ಮೆಲ್ಲಗೆ ಏರತೊಡಗಿತು. ಕೆಳಗೆ ಮದ್ದೂರಿನ ದೀಪಗಳು, ಅಂಗಡಿ ಸಾಲು, ಜನ! ವಿಮಾನದಿಂದ ನೋಡಿದ ಹಾಗೆ ನಮ್ಮೂರನ್ನು ಮೇಲಿನಿಂದ ನೋಡಿದೆ. "ಇದು ಒಳಗೆ ಹೋಗಲ್ಲ ಅಮ್ಮ, ಮೊದಲೇ ಕೇಳಬಾರದಾ?" ಎಂದರು ಕಂಡಕ್ಟರು. ಮೂವತ್ತು ವರ್ಷ ಓಡಾಡಿದ ದಾರಿಯಲ್ಲಿ ನನ್ನೂರು ಬರುತ್ತದೆಯೇ ಎಂದು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಸೇತುವೆ ಇಳಿದು ಬಹಳ ದೂರ ಹೋದ ಮೇಲೆ, ದೊಡ್ಡ ಮನಸ್ಸು ಮಾಡಿ, ಸರ್ವೀಸ್ ರಸ್ತೆಗೆ ಹೊರಳುವ ಕಡೆ ಇಳಿಸಿದರು. ಎಂಟು ಗಂಟೆ ರಾತ್ರಿ. ಒಂದು ಕಡೆ ಬೇಲಿ, ಇನ್ನೊಂದು ಕಡೆ ಕಬ್ಬಿನ ಗದ್ದೆ. ನನ್ನ ವಯಸ್ಸಿಗೆ ಭಯ ಪಡಬಾರದು ಎನ್ನುತ್ತೀರೇನೋ. ಪಟ್ಟೆ. ನನ್ನ ಜಾಗದಲ್ಲಿ ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿ ಇಳಿದಿದ್ದರೆ? ಅವಳ ತಂದೆ ಮಾರನೆಯ ದಿನದಿಂದ ಅವಳನ್ನು ಕಾಲೇಜಿಗೆ ಕಳುಹಿಸುತ್ತಿದ್ದರೇ? ಸೇತುವೆ ಕಟ್ಟಿದವರು ಹುಡುಗಿಯರ ಓದು ನಿಲ್ಲಿಸಬೇಕೆಂದು ಕಟ್ಟಲಿಲ್ಲ ನಿಜ. ಅವರಿಗೆ ಅಂಥ ಹುಡುಗಿಯೊಬ್ಬಳು ಇದ್ದಾಳೆಂಬ ಯೋಚನೆಯೇ ಬರಲಿಲ್ಲ.

ಸ್ಕೂಟರಿನ ವಿಷಯವನ್ನೂ ಹೇಳಿಬಿಡುತ್ತೇನೆ. ರಸ್ತೆ ತೆರೆದ 2023ರಲ್ಲಿ ಅದರ ಮೇಲೆ ನೂರಕ್ಕೂ ಹೆಚ್ಚು ಜನ ಅಪಘಾತದಲ್ಲಿ ಸತ್ತರು. ಆಮೇಲೆ ಎಚ್ಚರವಾಯಿತು. ವೇಗಕ್ಕೆ ಗಂಟೆಗೆ 100 ಕಿಲೋಮೀಟರ್ ಮಿತಿ ಬಿಗಿ ಮಾಡಿದರು, ಕ್ಯಾಮೆರಾ ಇಟ್ಟರು, ಸಾವುಗಳು ಕಡಿಮೆಯಾದವು. ಅದು ಆಗಬೇಕಾದದ್ದೇ. ಜೊತೆಗೆ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರುಗಳನ್ನು ನಡುವಿನ ಆರು ಪಥಗಳಿಂದ ಹೊರಗೆ ಹಾಕಿದರು. ಜೀವ ಉಳಿಸುವ ಕ್ರಮವೆಂದು ನಾನೂ ಒಪ್ಪುತ್ತೇನೆ. ಹೊರಗೆ ಹಾಕಿದ ಮೇಲೆ ಅವರು ಹೋಗುವ ದಾರಿಯನ್ನು ನೆಟ್ಟಗೆ ಮಾಡಿಕೊಡುವುದು ಯಾರ ಕೆಲಸ? ನಮ್ಮ ಊರುಗಳಲ್ಲಿ ಸ್ಕೂಟಿ ಎಂಬುದು ಹೆಣ್ಣುಮಕ್ಕಳ ಪಾಲಿಗೆ ಬರಿಯ ವಾಹನವಲ್ಲ. ಟೀಚರು, ನರ್ಸು, ಗಾರ್ಮೆಂಟ್ಸಿನ ಹುಡುಗಿ ಅಣ್ಣನನ್ನೋ ಗಂಡನನ್ನೋ ಕಾಯದೆ ಹೊರಡುವುದಕ್ಕೆ ಇರುವುದು ಅದೊಂದೇ. ಅವಳಿಗೆ ಉಳಿದದ್ದು ಸರ್ವೀಸ್ ರಸ್ತೆ. ಅಲ್ಲಿ ಎದುರಿನಿಂದ ಬರುವ ಟ್ರ್ಯಾಕ್ಟರು, ಕತ್ತಲು, ಗುಂಡಿ, ಮಳೆ ಬಂದರೆ ಕೆರೆ. ಕಾರಿನವರಿಗೆ ಅಂಗೈಯಂಥ ರಸ್ತೆ, ಸ್ಕೂಟಿಯವಳಿಗೆ ಅದರ ಚರಂಡಿಯ ಅಂಚು.

ಊರುಗಳ ವ್ಯಾಪಾರದ ಬಗ್ಗೆ ಬಹಳ ಜನ ಬರೆದಿದ್ದಾರೆ. ಚನ್ನಪಟ್ಟಣದ ಬೊಂಬೆ ಅಂಗಡಿಗಳು ಹಳೆಯ ರಸ್ತೆಯ ಪಕ್ಕಕ್ಕೆ ಸಾಲಾಗಿ ನಿಂತಿದ್ದವು. ಮಕ್ಕಳು ಹಟ ಮಾಡಿ ಕಾರು ನಿಲ್ಲಿಸುತ್ತಿದ್ದರು. ಬೈಪಾಸಿನ ಮೇಲೆ ನೂರರ ವೇಗದಲ್ಲಿ ಹೋಗುವಾಗ ಯಾವ ಮಗುವಿನ ಹಟ ನಡೆದೀತು? ಅಂಗಡಿಯ ಮಾಲೀಕನಾದರೂ ಬೇರೆ ಕಡೆ ಅಂಗಡಿ ಹಾಕಿಯಾನು. ಹಾಲೆ ಮರದ ಬೊಂಬೆಗೆ ಅರಗಿನ ಬಣ್ಣ ಕೊಡುವ ಹೆಂಗಸಿಗೆ ಆರ್ಡರು ಕಡಿಮೆಯಾದರೆ ಅವಳು ಎಲ್ಲಿ ಅಂಗಡಿ ಹಾಕಲಿ? ಬುಟ್ಟಿಯಲ್ಲಿ ಸೌತೆಕಾಯಿ, ಸೀಬೆಹಣ್ಣು, ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಬಸ್ಸಿನ ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದವಳಿಗೆ ಕಿಟಕಿಗಳೇ ಇಪ್ಪತ್ತು ಅಡಿ ಮೇಲೆ ಹೋಗಿಬಿಟ್ಟವು. ಅವಳು ಅಂಗಡಿ ಕಳೆದುಕೊಂಡಳೆಂದು ಯಾವ ಕಡತದಲ್ಲೂ ಇಲ್ಲ, ಯಾಕೆಂದರೆ ಅವಳಿಗೆ ಅಂಗಡಿ ಇತ್ತೆಂದೇ ಯಾವ ಕಡತದಲ್ಲೂ ಇರಲಿಲ್ಲ.

ನಾನು ಹೀಗೆಲ್ಲ ವಾದ ಮಾಡಿದಾಗ ಅಳಿಯಂದಿರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಫ್ರಾನ್ಸಿನಲ್ಲಿ ಮಿಯೋ ಎಂಬ ಪಟ್ಟಣದ ಹತ್ತಿರದ ಹೆದ್ದಾರಿ ಸೇತುವೆ. "ನೋಡಿ ಅತ್ತೆ, ಪ್ರಪಂಚವೇ ಹೀಗೆ ಕಟ್ಟುತ್ತಾ ಇದೆ" ಎಂದರು. ನೋಡಿದೆ. ಮೋಡದ ಮೇಲೆ ರಸ್ತೆ ಎಳೆದ ಹಾಗಿತ್ತು, ಕಣ್ಣು ತುಂಬಿತು. ಅವರೇ ಹೇಳಿದ ವಿವರಗಳನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ತಾರ್ನ್ ಎಂಬ ಹೊಳೆಯ ಕಣಿವೆಯ ಮೇಲೆ 2004ರ ಡಿಸೆಂಬರಿನಲ್ಲಿ ತೆರೆದದ್ದು. ಉದ್ದ 2,460 ಮೀಟರ್. ರಸ್ತೆ ಹೊಳೆಯಿಂದ 270 ಮೀಟರ್ ಎತ್ತರದಲ್ಲಿ, ಮೇಲಿನ ಗೋಪುರದ ತುದಿ 343 ಮೀಟರ್. ಬೇಸಿಗೆ ರಜೆಯಲ್ಲಿ ದಕ್ಷಿಣಕ್ಕೂ ಸ್ಪೇನಿಗೂ ಹೋಗುವ ಕಾರುಗಳೆಲ್ಲ ಆ ಸಣ್ಣ ಪಟ್ಟಣದೊಳಗೆ ನುಗ್ಗಿ ಊರವರ ಉಸಿರು ಕಟ್ಟುತ್ತಿತ್ತಂತೆ. ಅದಕ್ಕೇ ಈ ಬೈಪಾಸು. ಸರಿ, ಇದು ನನ್ನ ಅಮ್ಮನ ಆಂಬುಲೆನ್ಸಿನ ಕಥೆಯೇ. ಆಮೇಲೆ ಕೇಳಿದೆ, "ಕಂಬ ಎಷ್ಟು?" "ಏಳು" ಎಂದರು. ಎರಡೂವರೆ ಕಿಲೋಮೀಟರ್ ಉದ್ದಕ್ಕೆ ಏಳೇ ಕಂಬ! ಅವುಗಳ ನಡುವೆ ಹೊಳೆ, ತೋಟ, ಊರ ದಾರಿ ಯಾವುದಕ್ಕೂ ಅಡ್ಡಿಯಿಲ್ಲದೆ ತಮ್ಮ ಪಾಡಿಗೆ ತಾವಿವೆ. ಇನ್ನೊಂದು ತಮಾಷೆ. ಸೇತುವೆ ನೋಡುವುದಕ್ಕೆ, ಫೋಟೋ ತೆಗೆಯುವುದಕ್ಕೆ ಕಾರುಗಳವರು ತಾವಾಗಿ ನಿಧಾನ ಮಾಡತೊಡಗಿ ಅಪಾಯವಾದೀತೆಂದು ಅಲ್ಲಿನ ವೇಗದ ಮಿತಿಯನ್ನೇ 130ರಿಂದ 110ಕ್ಕೆ ಇಳಿಸಿದರಂತೆ. ನಿಮಿಷ ಉಳಿಸುವುದಕ್ಕೆ ಕಟ್ಟಿದ ಸೇತುವೆಯ ಮೇಲೆಯೇ ಜನ ನಿಮಿಷ ಮರೆತರು!

"ಅಲ್ಲಿ ಕಣಿವೆ ಇದೆ ಅತ್ತೆ, ಕಂಬ ಹಾಕದೆ ಮಣ್ಣು ತುಂಬುವುದಕ್ಕಾಗುತ್ತಾ?" ಎಂದರು ಅಳಿಯಂದಿರು. ಅದು ನಿಜ. ಅಷ್ಟು ಆಳವನ್ನು ಮಣ್ಣಿನಿಂದ ತುಂಬಲಾಗದು. ನಾನು ಹೇಳುವುದೂ ಅದೇ. ಕಣಿವೆಗೆ ಮಣ್ಣು ತುಂಬಲಾಗದು ಎಂದು ಎಂಜಿನಿಯರಿಗೆ ಕಾಣುತ್ತದೆ. ಒಂದು ಊರಿನ ನಡುವಿನ ಓಡಾಟವೂ ಅಂಥದೇ ಒಂದು ಹೊಳೆ, ಅದನ್ನು ಮಣ್ಣು ತುಂಬಿ ಕಟ್ಟಬಾರದು ಎಂದು ಮಾತ್ರ ಕಾಣುವುದಿಲ್ಲ. ಸೇತುವೆಯ ಎತ್ತರದಲ್ಲಿ ತಪ್ಪಿಲ್ಲ. ಇನ್ನೂ ಎತ್ತರ ಕಟ್ಟಲಿ, ಇನ್ನೂ ಹತ್ತು ಕಂಬ ಹೆಚ್ಚಿಗೆ ಹಾಕಲಿ. ಅದರ ಕಾಲ ಕೆಳಗಿನ ನೆಲವನ್ನು ನಮಗೆ ಬಿಟ್ಟುಕೊಡಲಿ.

"ಆಗಲೇ ಹೇಳಬೇಕಿತ್ತು, ಈಗ ಕೂಗಿ ಏನು ಪ್ರಯೋಜನ?" ಎನ್ನುವವರಿದ್ದಾರೆ. ಆಗ ಹೇಳುವುದಕ್ಕೆ ದಾರಿ ಹೇಗಿತ್ತೆಂದು ನೋಡೋಣ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ ಪ್ರಕಾರ ಭೂಮಿ ತೆಗೆದುಕೊಳ್ಳುವ ಮೊದಲು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು. ತಕರಾರಿದ್ದವರು 21 ದಿನಗಳೊಳಗೆ ಬರೆದುಕೊಡಬೇಕು. ನಮ್ಮ ಪಟ್ಟಣದ ಮನೆಗಳಲ್ಲೂ ಆ ಪುಟ ಬಂದಿರುತ್ತದೆ. ಸರ್ವೆ ನಂಬರುಗಳ ಸಣ್ಣ ಅಕ್ಷರದ ಪುಟ, ನಾವು ಅದನ್ನು ಡಬ್ಬದ ಕೆಳಗೆ ಹಾಸಿರುತ್ತೇವೆ. ಅದಿರಲಿ, ತಕರಾರು ಕೊಡುವ ಹಕ್ಕು ಯಾರಿಗೆ? ಆ ಭೂಮಿಯಲ್ಲಿ ಹಕ್ಕುಬಾಧ್ಯತೆ ಇರುವವರಿಗೆ. ಪಹಣಿಯಲ್ಲಿ ಹೆಸರಿರುವುದು ಯಾರದು? ಭಾವನದು. ನಲವತ್ತು ವರ್ಷ ಆ ನೆಲದ ಮೇಲೆ ದಿನಕ್ಕೆ ಎಂಟು ಸಲ ನಡೆದ ಅಕ್ಕನದಲ್ಲ. ಪರಿಹಾರದ ಚೆಕ್ಕಿನ ಮೇಲೂ ಭಾವನ ಹೆಸರೇ ಬಂತು. ಭೂಮಿಯ ಬೆಲೆಗೆ ಅದು ಸರಿಯಿದ್ದೀತು. ನಡೆಯುವ ದಾರಿಯ ಬೆಲೆ ಎಷ್ಟೆಂದು ಯಾರೂ ಕಟ್ಟಲಿಲ್ಲ, ಯಾರಿಗೂ ಕೊಡಲಿಲ್ಲ. ಕಾಯ್ದೆಯ ಕಣ್ಣಿಗೆ ನೆಲದ ಒಡೆಯನಿದ್ದಾನೆ, ನೆಲದ ಮೇಲೆ ನಡೆಯುವವಳಿಲ್ಲ.

ಈಗಲೂ ಕಾಲ ಮಿಂಚಿಲ್ಲ. ಕಟ್ಟಿದ ಸೇತುವೆಯನ್ನು ಕೆಡವಿ ಎಂದು ನಾನು ಕೇಳುವುದಿಲ್ಲ. ಕೇಳುವುದು ಚಿಕ್ಕ ಚಿಕ್ಕ ಸಂಗತಿಗಳು. ಅಂಡರ್‌ಪಾಸಿನ ನೀರು ಹೊರಗೆ ಹರಿಯಲು ಚರಂಡಿ. ಅದರೊಳಗೆ ಕೆಡದೆ ಉರಿಯುವ ದೀಪ, ಕೆಟ್ಟರೆ ಯಾರಿಗೆ ಹೇಳಬೇಕೆಂದು ಗೋಡೆಯ ಮೇಲೆ ಒಂದು ಫೋನ್ ನಂಬರು. ಊರು ಎರಡಾದ ಕಡೆಯಲ್ಲೆಲ್ಲ ಮಂಡಿನೋವಿನವರೂ ಹತ್ತುವಂಥ ಇಳಿಜಾರಿನ ಕಾಲುಸೇತುವೆ. ಬಸ್ಸಿನ ಬೋರ್ಡಿನ ಮೇಲೆ ಅದು ಊರೊಳಗೆ ಹೋಗುತ್ತದೆಯೋ ಸೇತುವೆಯ ಮೇಲೆ ಹೋಗುತ್ತದೆಯೋ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಸಾಲು. ಕತ್ತಲಾದ ಮೇಲೆ ಹೆಂಗಸರನ್ನು ಬೇಲಿಯ ಪಕ್ಕ ಇಳಿಸಬಾರದೆಂದು ಒಂದು ನಿಯಮ. ಸರ್ವೀಸ್ ರಸ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಇಡುವುದು. 8,480 ಕೋಟಿಯ ಮುಂದೆ ಇದು ಒಗ್ಗರಣೆಯ ಸಾಸಿವೆಯಷ್ಟು. ಸಾಸಿವೆಯಿಲ್ಲದೆ ಹುಳಿ ಬಡಿಸಿದವರನ್ನು ನಾವು ಏನೆನ್ನುತ್ತೇವೆ?

ಇನ್ನು ನಿಮ್ಮಲ್ಲಿ ಒಂದು ಮಾತು. ನೀವು ಯಾವ ಊರಿನಲ್ಲಿ ಕುಳಿತು ಇದನ್ನು ಓದುತ್ತಿದ್ದೀರೋ ಆ ಊರಿಗೂ ಒಂದು ಬೈಪಾಸು ಆಗಲೇ ಬಂದಿರಬಹುದು, ಇಲ್ಲವೇ ನಕ್ಷೆಯಲ್ಲಿ ಗೆರೆಯಾಗಿ ಮಲಗಿರಬಹುದು. ಗೆರೆ ಗೋಡೆಯಾಗುವ ಮೊದಲೇ ಹೋಗಿ ಕೇಳಿ. ಆ ಸಣ್ಣ ಅಕ್ಷರದ ಪುಟವನ್ನು ಡಬ್ಬದ ಕೆಳಗೆ ಹಾಸುವ ಮೊದಲು ಒಮ್ಮೆ ಓದಿ. ಗ್ರಾಮಸಭೆಗೆ, ವಾರ್ಡ್ ಸಭೆಗೆ ನಾಲ್ಕು ಜನ ಹೆಂಗಸರು ಜೊತೆಯಾಗಿ ಹೋಗಿ. ಎಂಜಿನಿಯರು ಅಷ್ಟು ಕಿಲೋಮೀಟರ್, ಇಷ್ಟು ಕೋಟಿ, ಎಷ್ಟೋ ನಿಮಿಷ ಉಳಿತಾಯ ಎಂದು ಹೇಳಿ ಮುಗಿಸಲಿ, ಅಲ್ಲಿಯವರೆಗೆ ಸುಮ್ಮನಿರಿ. ಆಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ. "ಸ್ವಾಮಿ, ನಾನು ಎಲ್ಲಿ ದಾಟಲಿ?" ಉತ್ತರ ಸಿಗುವವರೆಗೂ ಕುಳಿತುಕೊಳ್ಳಬೇಡಿ.

ಮೊನ್ನೆ ಮಗಳ ಫೋನು ಬಂತು. "ಅಮ್ಮಾ, ಮದ್ದೂರಲ್ಲಿ ಇಳೀತಾ ಇದೀವಿ. ದೊಡ್ಡಮ್ಮನ ಮನೆಗೆ ಹೋಗಿ ಬರ್ತೀವಿ, ತಡವಾಗುತ್ತೆ, ನೀವು ಊಟ ಮಾಡ್ಬಿಡಿ" ಎಂದಳು. ಹಿಂದಿನಿಂದ ಅಳಿಯಂದಿರ ದನಿ ಕೇಳಿಸಿತು. "ಟಾರ್ಚ್ ತಗೊಂಡ್ಯಾ? ಸಂಜೆ ಹಾಲಿಗೆ ಹೋಗಬೇಕು" ಎನ್ನುತ್ತಿದ್ದರು. ಅವರು ಬಂದದ್ದು ರಾತ್ರಿ ಒಂಬತ್ತಕ್ಕೆ. ಅವತ್ತು ಎಷ್ಟು ನಿಮಿಷ ಆಯಿತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟಾರ್ಚನ್ನು ಮಾತ್ರ ಅಕ್ಕನ ಮನೆಯಲ್ಲೇ ಬಿಟ್ಟು ಬಂದಿದ್ದರು. ಅಲ್ಲಿ ದೀಪ ಹಾಕುವವರು ಇನ್ನೂ ಬಂದಿಲ್ಲ.